ಇಪ್ಪತ್ತೆರಡು ಎಣಿಕೆಯ ಉಸಿರು

ಸಂಗೀತ ಕಲಿಸುವವರ ಮನೆಯಲ್ಲಿ ದಿನವೂ ಸಂಗೀತ ಇರುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅಲ್ಲಿ ಹೆಚ್ಚಾಗಿ ಇರುವುದು ಕೆಮ್ಮು, ಏದುಸಿರು ಮತ್ತು ನೆಪ. ಬಸವೇಶ್ವರನಗರದ ನಮ್ಮ ಮನೆಯ ಹಾಲಿನಲ್ಲಿ ಇಪ್ಪತ್ತು ವರ್ಷದಿಂದ ಹಾಡು ಕಲಿಸುತ್ತಿದ್ದೇನೆ. ಮಕ್ಕಳ ಕ್ಲಾಸಿನಲ್ಲಿ ವಿಶೇಷ ಏನೂ ನಡೆಯುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿ, ಚಪ್ಪಲಿ ಅದಲು ಬದಲು ಹಾಕಿಕೊಂಡು ಮನೆಗೆ ಹೋಗುತ್ತಾರೆ. ನಡೆಯುವುದೆಲ್ಲ ದೊಡ್ಡವರ ಬ್ಯಾಚಿನಲ್ಲಿ. ಅವರಿಗೆ ಹಾಡಿಗಿಂತ ಮೊದಲು ಉಸಿರಾಡುವುದನ್ನು ಕಲಿಸಬೇಕು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವನ್ನು ಐವತ್ತು ದಾಟಿದ ಮೇಲೆ ತಪ್ಪು ಎಂದರೆ ಯಾರೇ ಆಗಲಿ ಗಲಿಬಿಲಿಯಾಗುತ್ತಾರೆ. ಹಾಗಾಗಿ ಏನಾದರೊಂದು ನಡೆಯುತ್ತಲೇ ಇರುತ್ತದೆ, ನಾನು ನಗದೆ ಕೂತಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಮೂವರು

ಹೋದ ವರ್ಷದ ಸಂಜೆ ಬ್ಯಾಚಿನಲ್ಲಿ ಇದ್ದವರು ಮೂವರು. ಒಬ್ಬರು ರಾಜಾಜಿನಗರದಿಂದ ಬರುತ್ತಿದ್ದ ರಿಟೈರ್ಡ್ ಪಿ.ಟಿ. ಮೇಷ್ಟ್ರು. ಮೂವತ್ತೈದು ವರ್ಷ ಮೈದಾನದಲ್ಲಿ ಕೂಗಿದ ಗಂಟಲು, ಈಗ ಅದಕ್ಕೆ ಸ್ವಲ್ಪ ಮರ್ಯಾದೆ ಕಲಿಸೋಣ ಎಂದು ಬಂದವರು. ಇನ್ನೊಬ್ಬ ಹೆಗ್ಗನಹಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ, ಮೂರನೇ ಹಾಡಿಗೇ ದಮ್ಮು ಕಟ್ಟುತ್ತದೆ.

ಮೂರನೆಯವರು ಕೆಂಗೇರಿಯವರು. ಐವತ್ತೆರಡು ವರ್ಷದ ಗೃಹಿಣಿ, ಮಾತು ಬಹಳ ಮೆತ್ತಗೆ. ಮೊದಲ ದಿನ ನಾನು ಅವರ ಮಾತು ಕೇಳಿಸಿಕೊಳ್ಳಲು ಫ್ಯಾನ್ ಆರಿಸಬೇಕಾಯಿತು.

"ಒಂದೇ ಹಾಡು ಸಾಕು ಮೇಡಂ. ಆರತಿ ಹಾಡು. ಮೂರು ತಿಂಗಳಿಗೆ ಮಗಳ ಮದುವೆ."

ಅವರ ಮನೆಯ ಪದ್ಧತಿ ಹೀಗಿದೆ. ಹಸೆಯ ಮೇಲೆ ಕೂತ ಹೆಣ್ಣುಗಂಡಿಗೆ ಇಬ್ಬರು ಮುತ್ತೈದೆಯರು ಆರತಿ ಎತ್ತುತ್ತಾರೆ, ಮನೆಯ ಹಿರಿಯ ಸೊಸೆ ಹಾಡಬೇಕು. ಕಡೆಯ ಸಾಲನ್ನು ಆರತಿ ತಟ್ಟೆ ಕೆಳಗಿಳಿಯುವವರೆಗೂ ಎಳೆದು ನಿಲ್ಲಿಸಬೇಕು. ನಡುವೆ ಕಡಿಯುವ ಹಾಗಿಲ್ಲ. ಕಡಿದರೆ ಇನ್ನೊಬ್ಬರು ಆ ಕ್ಷಣವೇ ಎತ್ತಿಕೊಳ್ಳಬೇಕು. ಇವರು ಮದುವೆಯಾಗಿ ಬಂದ ವರ್ಷ ಮೈದುನನ ಮದುವೆಯಲ್ಲಿ ಹಾಡಲು ನಿಂತರು, ಕಡೆಯ ಸಾಲಿನಲ್ಲಿ ಉಸಿರು ಕೈಕೊಟ್ಟಿತು. ಹಿಂದೆ ನಿಂತಿದ್ದ ಅತ್ತೆ ಎತ್ತಿಕೊಂಡು ಮುಗಿಸಿದರು. ಅಲ್ಲಿಂದ ಈಚೆಗೆ ಮೂವತ್ತು ವರ್ಷ ಮನೆಯ ಎಲ್ಲ ಆರತಿಯನ್ನೂ ಅತ್ತೆಯೇ ಹಾಡಿದ್ದಾರೆ. ಯಾರೂ ಇವರನ್ನು ಕೇಳಲಿಲ್ಲ, ಇವರೂ ಹಾಡುತ್ತೇನೆ ಎನ್ನಲಿಲ್ಲ.

"ಈಗ ಮಗಳ ಮದುವೆ. ನಾನು ಹಾಡ್ತೀನಿ ಅತ್ತೆ ಅಂದೆ. ಅವರು, ಹಾಡು, ನಾನು ಹಿಂದೇನೇ ಇರ್ತೀನಿ ಅಂದ್ರು."

"ಒಳ್ಳೇದಾಯ್ತಲ್ಲ, ಧೈರ್ಯ ಹೇಳಿದಾರೆ."

"ಧೈರ್ಯಕ್ಕೆ ಹೇಳಿದ್ದಲ್ಲ ಮೇಡಂ ಅದು," ಎಂದರು.

ಆ ಕಡೆಯ ಸಾಲನ್ನು ಹಾಡಿಸಿ, ತೊಡೆಯ ಮೇಲೆ ತಾಳ ಹಾಕಿ ಎಣಿಸಿದೆ. ಪೂರಾ ಮುಗಿಯಲು ಇಪ್ಪತ್ತೆರಡು ಎಣಿಕೆ ಬೇಕು. ಅವರ ಉಸಿರು ಒಂಬತ್ತಕ್ಕೆ ಮುಗಿಯುತ್ತಿತ್ತು. "ಇನ್ನೆಷ್ಟು ಬೇಕು?" ಎಂದು ಕೇಳಿದರು. ಹದಿಮೂರು ಎಂದೆ. ಬ್ಯಾಗಿನಿಂದ ಒಂದು ಚೀಟಿ ತೆಗೆದರು. ಅದರಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಗೆಯವರ ಅಡ್ವಾನ್ಸ್ ಎಲ್ಲ ಬರೆದಿತ್ತು. ಅದರ ಕೆಳಗೆ "ಉಸಿರು, ಹದಿಮೂರು" ಎಂದು ಬರೆದುಕೊಂಡರು.

ಬೇಳೆ ಪೊಟ್ಟಣ

ಹಾಡುವವರ ಉಸಿರು ಎದೆಯಲ್ಲಿ ಅಲ್ಲ, ಹೊಟ್ಟೆಯಲ್ಲಿ ತುಂಬಬೇಕು. ಅದು ಗೊತ್ತಾಗಬೇಕಾದರೆ ನೆಲದ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ದಪ್ಪ ಪುಸ್ತಕ ಇಟ್ಟುಕೊಳ್ಳಬೇಕು. ಉಸಿರು ತೆಗೆದುಕೊಂಡಾಗ ಪುಸ್ತಕ ಏಳಬೇಕು, ಬಿಟ್ಟಾಗ ಇಳಿಯಬೇಕು. ಇಷ್ಟೇ ಸುಲಭ ಎಂದು ಹೇಳಿ ನಾನು ಚಾಪೆ ಹಾಸಿದೆ.

ಕೆಂಗೇರಿಯವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟರು. ಸರಸ್ವತಿಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಲು ಅವರಿಂದಾಗದು. ಅದೂ ಸಂಗೀತ ಕಲಿಯಲು ಬಂದ ಜಾಗದಲ್ಲಿ. ಮೇಷ್ಟ್ರೂ ಅದು ಸರಿ ಎಂದರು. ಕೊನೆಗೆ ನಮ್ಮ ಅಡುಗೆಮನೆಯಿಂದ ಒಂದೊಂದು ಕೆ.ಜಿ.ಯ ತೊಗರಿಬೇಳೆ ಪೊಟ್ಟಣ ಮೂರು ತಂದೆ. ಬೇಳೆಯಲ್ಲಿ ಯಾವ ದೇವರು ಇದ್ದಾರೆಂದು ಯಾರೂ ವಿಚಾರಿಸಲಿಲ್ಲ.

ಕೆಂಗೇರಿಯವರ ಪೊಟ್ಟಣ ಅಲ್ಲಾಡಲಿಲ್ಲ. ಹೆಗ್ಗನಹಳ್ಳಿಯವನದು ಎದೆ ಉಬ್ಬಿಸಿದ ರಭಸಕ್ಕೆ ಜಾರಿ ಸೋಫಾ ಕೆಳಗೆ ಹೋಯಿತು. ಮೇಷ್ಟ್ರದು ಮಾತ್ರ ಐದು ನಿಮಿಷವಾದ ಮೇಲೆ ಬಹಳ ಚೆನ್ನಾಗಿ ಏಳಲು ಶುರುವಾಯಿತು. ಏರುವುದು ನಿಧಾನ, ಇಳಿಯುವುದು ಇನ್ನೂ ನಿಧಾನ. ಇಪ್ಪತ್ತು ವರ್ಷದಲ್ಲಿ ಅಂಥ ಉಸಿರನ್ನು ನಾನು ನೋಡಿರಲಿಲ್ಲ. ಉಳಿದಿಬ್ಬರನ್ನೂ ಎಬ್ಬಿಸಿ, "ನೋಡಿ, ಹೀಗಿರ್ಬೇಕು," ಎಂದು ತೋರಿಸಿದೆ. ಇಬ್ಬರೂ ಬಗ್ಗಿ ನೋಡಿದರು.

"ಮೇಡಂ, ಸಾರ್ ನಿದ್ದೆ ಮಾಡ್ತಾ ಇದಾರೆ," ಎಂದ ಹೆಗ್ಗನಹಳ್ಳಿಯವನು.

ಕ್ಲಾಸು ಮುಗಿಯುವ ಹೊತ್ತಿಗೆ ಮೇಷ್ಟ್ರು ಎದ್ದು ಕೂತು, ಕನ್ನಡಕ ಹುಡುಕಿಕೊಂಡು, "ನಂದು ಸರಿ ಬಂತಾ ಮೇಡಂ?" ಎಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಸರಿ ಬಂದಿದ್ದು ನಿಮ್ಮದೊಂದೇ," ಎಂದೆ. ತಮಗೆ ಇದು ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ಅವರು ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ.

ದೀಪ ಊದಬಾರದು

ಮುಂದಿನ ಪಾಠಕ್ಕೆ ಮೇಣದಬತ್ತಿ ಬೇಕು. ಮುಖದಿಂದ ಒಂದು ಗೇಣು ದೂರದಲ್ಲಿ ಹಚ್ಚಿಟ್ಟು, ಕುಡಿ ಬಾಗಬೇಕು ಆದರೆ ಆರಬಾರದು, ಹಾಗೆ ಒಂದೇ ಸಮ ಊದಬೇಕು. ಉಸಿರು ಹಿಡಿತಕ್ಕೆ ಬರುವುದು ಹೀಗೆ.

ಹಚ್ಚಿಟ್ಟೆ. ಮೂವರೂ ಅದನ್ನು ನೋಡಿಕೊಂಡು ಕೂತರು.

"ಊದಿ," ಎಂದೆ.

ಕೆಂಗೇರಿಯವರು, "ಅಕಸ್ಮಾತ್ ಆರಿಹೋದ್ರೆ?" ಎಂದರು. ಮತ್ತೆ ಹಚ್ಚೋಣ ಎಂದೆ. "ಮಗಳ ಮದುವೆ ಇಟ್ಕೊಂಡು ಬಾಯಲ್ಲಿ ದೀಪ ಊದ್ಲಾ ಮೇಡಂ?" ಎಂದರು. ಇದು ದೀಪವಲ್ಲ, ಮೇಣದಬತ್ತಿ, ಕರೆಂಟ್ ಹೋದಾಗ ಹಚ್ಚುವುದು ಎಂದು ವಾದಿಸಿ ನೋಡಿದೆ. ಮೇಷ್ಟ್ರು, ಉರಿಯುವುದೆಲ್ಲ ದೀಪವೇ ಎಂದು ಅವರ ಪರ ನಿಂತರು. ದೀಪವನ್ನು ಹೂವಿನಿಂದ ಆರಿಸಬೇಕೇ ಹೊರತು ಊದಿ ಆರಿಸುವುದು ಅವರ ಮನೆಯಲ್ಲೂ ಇಲ್ಲವಂತೆ. ಅರ್ಧ ಗಂಟೆ ಚರ್ಚೆಯಾಯಿತು. ಅಷ್ಟರಲ್ಲಿ ಮೇಣದಬತ್ತಿ ತನ್ನಷ್ಟಕ್ಕೆ ತಾನೇ ಮುಗಿಯಿತು.

ಮಾರನೆಯ ಕ್ಲಾಸಿಗೆ ಹೆಗ್ಗನಹಳ್ಳಿಯವನು ಬೇಕರಿಯಿಂದ ಒಂದು ಸಣ್ಣ ಕೇಕ್ ತಂದ. "ಕೇಕ್ ಮೇಲಿಂದು ಊದಬಹುದಲ್ವಾ ಆಂಟಿ?" ಎಂದು ಕೇಳಿದ. ಕೆಂಗೇರಿಯವರು ಯೋಚಿಸಿ ನೋಡಿದರು. ಕೇಕಿನ ಮೇಲಿನದನ್ನು ಎಲ್ಲರ ಮನೆಯಲ್ಲೂ ಊದುತ್ತಾರೆ, ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಅವರ ಅತ್ತೆಯೇ ಊದಿದ್ದಾರೆ. ಸರಿ ಎಂದರು. ಅಲ್ಲಿಂದ ವಾರಕ್ಕೆರಡು ಕೇಕ್. ಯಾರೂ ಒಂದು ಕ್ಲಾಸೂ ತಪ್ಪಿಸಲಿಲ್ಲ. ಮೂರು ವಾರದಲ್ಲಿ ಕೆಂಗೇರಿಯವರ ಉಸಿರು ಹದಿನಾಲ್ಕಕ್ಕೆ ಬಂತು, ಮೇಷ್ಟ್ರ ಸೊಂಟ ಎರಡು ಇಂಚು ಹೆಚ್ಚಿತು.

ಒಂದು ಸಂಜೆ ಪಕ್ಕದ ಮನೆಯಾಕೆ ಕಿಟಕಿಯಿಂದ ಕೇಕ್ ನೋಡಿ, ಪಾಪ, ಒಂದು ಗಿಫ್ಟ್ ಹಿಡಿದುಕೊಂಡೇ ಬಂದರು. "ದಿನಾ ಕೇಕ್ ಇರುತ್ತೆ, ಕ್ಯಾಂಡಲ್ ಊದ್ತಾರೆ, ಆದ್ರೆ ಒಂದಿನಾನೂ ಹಾಡೇ ಕೇಳಿಸ್ಲಿಲ್ಲವಲ್ಲ?" ಎಂದರು.

"ಹಾಡು ಇನ್ನೂ ಶುರು ಮಾಡಿಲ್ಲ ರೀ, ಉಸಿರಲ್ಲೇ ಇದೀವಿ," ಎಂದೆ.

ನೀರಿನ ದಿನ

ಬೆಳಗಿನ ಐದಕ್ಕೆ ಎದ್ದು, ಬಾಯಿ ಮುಚ್ಚಿ, ತೀರ ಕೆಳಗಿನ ಸ್ವರದಲ್ಲಿ ಅರ್ಧ ಗಂಟೆ ಗುಂಯ್ ಎನ್ನುವುದು ಗಂಟಲಿಗೆ ಬಹಳ ಒಳ್ಳೆಯದು. ಹೆಗ್ಗನಹಳ್ಳಿಯವನು ಶ್ರದ್ಧೆಯಿಂದ ಮಾಡಿದ. ಅವನಿರುವುದು ಆರು ಮನೆಯ ವಠಾರದಲ್ಲಿ. ಗುಂಯ್ ಶುರುವಾದ ಮೊದಲ ದಿನವೇ ಉಳಿದ ಐದು ಮನೆಯವರೂ ಬಕೆಟ್ಟು, ಡ್ರಮ್ಮು ಹಿಡಿದು ನಲ್ಲಿಯ ಹತ್ತಿರ ಬಂದು ನಿಂತರು. ಮೋಟರು ಓಡುತ್ತಿದೆ, ನೀರು ಬರುತ್ತಿಲ್ಲ. ಓನರು ಬಂದು ಮೋಟರ್ ಸ್ವಿಚ್ ನೋಡಿದರು, ಅದು ಆಫ್ ಆಗಿತ್ತು. ಆಫ್ ಆದರೂ ಓಡುತ್ತಿದೆಯಲ್ಲ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

ವಿಷಯ ತಿಳಿದ ಮೇಲೆ ಓನರು ಬೈಯಲಿಲ್ಲ. ದೊಡ್ಡ ಮನುಷ್ಯರು. "ಕಲಿಯೋದು ಒಳ್ಳೇದು ಕಣಪ್ಪಾ. ಆದ್ರೆ ನೀರು ಬಿಡೋ ದಿನ ಮಾತ್ರ ಕಲಿ," ಎಂದರು.

ಕೆಂಗೇರಿಯಿಂದ ವಿಜಯನಗರ

ಕೆಂಗೇರಿಯವರು ಮೆಟ್ರೋದಲ್ಲಿ ವಿಜಯನಗರಕ್ಕೆ ಬಂದು ಅಲ್ಲಿಂದ ಆಟೋ ಹಿಡಿಯುತ್ತಿದ್ದರು. ಮನೆಯಲ್ಲಿ ಮದುವೆಯ ಗಲಾಟೆ, ಅಭ್ಯಾಸಕ್ಕೆ ಪುರಸೊತ್ತಿಲ್ಲ. ಅದಕ್ಕೆ ಮೆಟ್ರೋದಲ್ಲಿ ಕೂತೇ ಮಾಡಿ ಎಂದು ನಾನೇ ಹೇಳಿದ್ದೆ. ಹೊಟ್ಟೆ ತುಂಬ ಉಸಿರು ತೆಗೆದುಕೊಂಡು, ಹಲ್ಲು ಕೂಡಿಸಿ, "ಸ್" ಎಂದು ಸಣ್ಣಗೆ ಬಿಡುತ್ತ ಮನಸ್ಸಿನಲ್ಲೇ ಎಣಿಸುವುದು. ಯಾರಿಗೂ ಗೊತ್ತಾಗುವುದಿಲ್ಲ ಎಂದಿದ್ದೆ.

ಒಂದು ದಿನ ಕ್ಲಾಸಿಗೆ ಬರುವಾಗ, ಜ್ಞಾನಭಾರತಿ ದಾಟಿದೆ, ಹೆಂಗಸರ ಬೋಗಿ ನಿಶ್ಶಬ್ದವಾಗಿದೆ. ಇವರು ಶುರು ಮಾಡಿದರು. ಪಕ್ಕದವಳು ತನ್ನ ಬ್ಯಾಗ್ ತೆರೆದು ನೀರಿನ ಬಾಟಲಿ ಸೋರುತ್ತಿದೆಯೇ ಎಂದು ನೋಡಿದಳು. ಎದುರಿನಾಕೆ ತನ್ನ ಮಗುವಿನ ಬಲೂನನ್ನು ಒತ್ತಿ ನೋಡಿದರು. ಇನ್ನೊಬ್ಬರು ಎದ್ದು ನಿಂತು, ಗ್ಯಾಸ್ ಏನಾದರೂ ಸೋರುತ್ತಿದೆಯಾ ಎಂದು ಮೂಗು ಮೇಲೆತ್ತಿದರು. ನಾಲ್ಕು ಜನ ಬಗ್ಗಿ ಸೀಟಿನ ಕೆಳಗೆ ಹುಡುಕತೊಡಗಿದರು. ಎಲ್ಲರೂ ಹುಡುಕುತ್ತಿರುವಾಗ ತಾನೊಬ್ಬಳೇ ಕೂತಿದ್ದರೆ ಚೆನ್ನಾಗಿರುವುದಿಲ್ಲ ಎಂದು ಕೆಂಗೇರಿಯವರೂ ಬಗ್ಗಿದರು. ಅವರು ಬಗ್ಗಿದ ಕಡೆಯಲ್ಲೆಲ್ಲ ಸದ್ದು ಕೇಳಿತು. "ಇಲ್ಲೇ ಇದೆ, ಇಲ್ಲೇ ಇದೆ," ಎಂದು ಎಲ್ಲರೂ ಅವರ ಹಿಂದೆಯೇ ಬಂದರು.

ಅವರು ಇದನ್ನು ಹೇಳಿದಾಗ ನಾನು, "ಅಲ್ಲಾ, ನಾನೇ ಅಂತ ಹೇಳಿಬಿಡೋದಲ್ವಾ?" ಎಂದೆ.

"ಹೇಗೆ ಹೇಳ್ಲಿ ಮೇಡಂ, ಇನ್ನೂ ಏಳು ಎಣಿಕೆ ಬಾಕಿ ಇತ್ತು," ಎಂದರು. ಅವತ್ತು ಹದಿನೆಂಟು ಮುಟ್ಟಿದ್ದರು.

ಪಾರ್ಕಿನ ಶಿಸ್ತು

ಮೇಷ್ಟ್ರಿಗೆ ತಮ್ಮ ಹುಟ್ಟುವಿದ್ಯೆಯನ್ನು ಹಂಚಬೇಕು ಎನಿಸಿತು. ರಾಜಾಜಿನಗರದ ಪಾರ್ಕಿನಲ್ಲಿ ಬೆಳಗ್ಗೆ ತಮ್ಮ ಜೊತೆ ವಾಕಿಂಗ್ ಮಾಡುವ ಐದು ಜನ ಹಿರಿಯರನ್ನು ಸಾಲಾಗಿ ನಿಲ್ಲಿಸಿದರು. ನಾನು ಅವತ್ತು ಆ ಕಡೆ ಹೂವು ತರಲು ಹೋಗಿದ್ದವಳು ಕಣ್ಣಾರೆ ನೋಡಿದೆ.

"ಉಸಿರು ತಗೊಳ್ಳಿ!" ಎಂದರು. ಐದೂ ಎದೆಗಳು ಉಬ್ಬಿದವು. "ಹಿಡೀರಿ!" ಎಂದರು. ಹಿಡಿದರು. ಅಷ್ಟರಲ್ಲಿ ಮೇಷ್ಟ್ರ ಫೋನ್ ಹೊಡೆದುಕೊಂಡಿತು. ಹೆಂಡತಿಯ ಫೋನು. ತೆಗೆಯದಿದ್ದರೆ ಆಗುವುದಿಲ್ಲ. "ಹ್ಞೂಂ, ಹೇಳು. ಕೊತ್ತಂಬರಿ? ಎಷ್ಟು ಕಟ್ಟು? ನಾಟಿದೋ ಫಾರಮ್ಮೋ?" ಎಂದು ಮಾತಾಡುತ್ತ ಆಚೆ ಹೋದರು. ಐದು ಜನ ಹಿರಿಯರು ಕಣ್ಣು ಕೆಂಪಗೆ ಮಾಡಿಕೊಂಡು, ಕೆನ್ನೆ ಊದಿಸಿಕೊಂಡು, ಅಟೆನ್ಷನ್‌ನಲ್ಲಿ ನಿಂತೇ ಇದ್ದರು. ಅವರಲ್ಲಿ ಇಬ್ಬರು ಹೈಸ್ಕೂಲಿನಲ್ಲಿ ಇದೇ ಮೇಷ್ಟ್ರ ಶಿಷ್ಯರು, ಅವರಿಗೂ ಈಗ ಅರವತ್ತು. ಕೊನೆಗೆ ತುದಿಯಲ್ಲಿದ್ದವರೊಬ್ಬರು ತಡೆಯಲಾರದೆ ಭುಸ್ ಎಂದು ಬಿಟ್ಟರು.

ಮೇಷ್ಟ್ರು ಫೋನನ್ನು ಕಿವಿಯಿಂದ ದೂರ ಹಿಡಿದು ಗಕ್ಕನೆ ತಿರುಗಿದರು. "ನಾನು ಬಿಡಿ ಅನ್ನೋಕ್ ಮುಂಚೆ ಬಿಟ್ಟಿದ್ ಯಾರ್ರೀ?" ಎಂದು ಕೇಳಿದರು. ನಾಲ್ಕೂ ಜನ ಉಸಿರು ಬಿಡದೆ ಐದನೆಯವರ ಕಡೆ ಬೆರಳು ತೋರಿಸಿದರು.

ಆರತಿ

ಮದುವೆಗೆ ಎರಡು ದಿನ ಇರುವಾಗ ಕೆಂಗೇರಿಯವರು ನಮ್ಮ ಹಾಲಿನಲ್ಲಿ ಇಪ್ಪತ್ತೆರಡು ಮುಟ್ಟಿದರು. ಒಂದೇ ಒಂದು ಸಲ. ಎರಡನೆಯ ಸಲಕ್ಕೆ ಹತ್ತೊಂಬತ್ತಕ್ಕೇ ನಿಂತಿತು. "ಅವತ್ತು ಯಾವುದು ಬರುತ್ತೋ ಗೊತ್ತಿಲ್ಲ," ಎಂದು ಹೇಳಿ ಪತ್ರಿಕೆ ಕೊಟ್ಟು ಹೋದರು. ನನಗೂ ಗೊತ್ತಿರಲಿಲ್ಲ. ಗೊತ್ತಿದೆ ಎನ್ನುವ ಮುಖ ಮಾಡಿಕೊಂಡು ಪತ್ರಿಕೆ ತೆಗೆದುಕೊಂಡೆ.

ಕೆಂಗೇರಿಯ ಒಂದು ಕಲ್ಯಾಣ ಮಂಟಪ. ನಾನು, ಮೇಷ್ಟ್ರು, ಹೆಗ್ಗನಹಳ್ಳಿಯವನು ಮೂರನೇ ಸಾಲಿನಲ್ಲಿ ಕೂತೆವು. ಧಾರೆ ಮುಗಿಯಿತು. ಹೆಣ್ಣುಗಂಡನ್ನು ಹಸೆಯ ಮೇಲೆ ಕೂರಿಸಿದರು. ಕೆಂಗೇರಿಯವರ ಓರಗಿತ್ತಿ, ನಾದಿನಿ ಇಬ್ಬರೂ ಆರತಿ ತಟ್ಟೆಯ ಎರಡು ಕಡೆ ಹಿಡಿದರು. ಕೆಂಗೇರಿಯವರು ಪಕ್ಕದಲ್ಲಿ ನಿಂತರು. ಅವರ ಬೆನ್ನ ಹಿಂದೆ, ಎರಡು ಮೊಳ ದೂರದಲ್ಲಿ, ಒಂದು ಕುರ್ಚಿ ಹಾಕಿಸಿಕೊಂಡು ಅತ್ತೆ ಕೂತಿದ್ದರು. ಎಂಬತ್ತೆರಡು ವರ್ಷ. ಸಣ್ಣ ಆಕಾರ, ನೆಟ್ಟಗಿನ ಬೆನ್ನು, ಮಡಿಲಲ್ಲಿ ಕೈ. ಇನ್ನೇನು ತಮ್ಮ ಸರದಿ ಬಂತು ಎನ್ನುವವರ ಹಾಗೆ ಕೂತಿದ್ದರು.

ಹಾಡು ಶುರುವಾಯಿತು. ಮೊದಲ ಸಾಲು ಮುಗಿದ ಕೂಡಲೇ ಅತ್ತೆ ಉಸಿರೆಳೆದುಕೊಂಡು ಬಾಯಿ ತೆರೆದರು. ಅಷ್ಟರಲ್ಲಿ ಸೊಸೆ ಎರಡನೇ ಸಾಲು ಎತ್ತಿಕೊಂಡಿದ್ದರು. ಅತ್ತೆ ಬಾಯಿ ಮುಚ್ಚಿದರು. ಎರಡನೇ ಸಾಲಿನ ಕೊನೆಗೆ ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಹಾಡಿನುದ್ದಕ್ಕೂ ಹೀಗೇ ನಡೆಯಿತು. ದೂರದಲ್ಲಿ ಕೂತವರಿಗೆ ಅತ್ತೆ ಸೊಸೆ ಸೇರಿ ಹಾಡುತ್ತಿದ್ದಾರೆ ಎನಿಸಿರಬೇಕು. ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು, "ಎಷ್ಟು ಹೊಂದಾಣಿಕೆ ನೋಡಿ," ಎಂದರು.

ಕಡೆಯ ಸಾಲು ಬಂತು. ಸೊಸೆ ಹೊಟ್ಟೆ ತುಂಬ ಉಸಿರು ತೆಗೆದುಕೊಂಡದ್ದು ಸೀರೆಯ ಮೇಲಿನ ಡಾಬು ಎದ್ದದ್ದರಲ್ಲಿ ನನಗೆ ಗೊತ್ತಾಯಿತು. ಸ್ವರ ಹಿಡಿದರು. ಮೇಷ್ಟ್ರು ಬೆರಳಲ್ಲಿ ಎಣಿಸತೊಡಗಿದರು. ಹತ್ತು, ಹನ್ನೆರಡು, ಹದಿನಾರು. ಹತ್ತೊಂಬತ್ತಕ್ಕೆ ನಾನು ಕಣ್ಣು ಮುಚ್ಚಿದೆ. ನಿಲ್ಲಲಿಲ್ಲ. ಇಪ್ಪತ್ತು, ಇಪ್ಪತ್ತೊಂದು. ಓರಗಿತ್ತಿ ತಟ್ಟೆ ಇಳಿಸಲು ಬಗ್ಗಿದರು.

"ಇಳಿಸ್ಬೇಡಿ ಆಂಟಿ, ಹಾಗೇ ಮಾಡ್ತಾ ಇರಿ, ಒಂದೇ ಸೆಕೆಂಡು," ಎಂದ ವಿಡಿಯೋದವನು.

ಅವನಿಗೆ ಲೈಟು ಸರಿ ಬಂದಿರಲಿಲ್ಲ. ವಿಡಿಯೋದವರ ಒಂದು ಸೆಕೆಂಡು ಎಷ್ಟೆಂದು ಮದುವೆಗೆ ಹೋದವರಿಗೆಲ್ಲ ಗೊತ್ತು. ತಟ್ಟೆ ಮತ್ತೆ ಮೇಲೇರಿತು. ತಟ್ಟೆ ಮೇಲಿರುವವರೆಗೂ ಸಾಲು ಮುಗಿಯುವ ಹಾಗಿಲ್ಲ. ಮೂರು ತಿಂಗಳು ನಾವು ಅಭ್ಯಾಸ ಮಾಡಿದ್ದು ಇಪ್ಪತ್ತೆರಡಕ್ಕೆ, ಅದರಾಚೆಗೆ ನನ್ನ ಪಾಠವೇ ಇರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಹಿಂದೆ ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಎದೆ ತುಂಬ ಉಸಿರು ತುಂಬಿಕೊಂಡು, ಬಾಯಿ ಅರ್ಧ ತೆರೆದು, ಎತ್ತಿಕೊಳ್ಳಲು ಸಿದ್ಧವಾದರು.

ಇಪ್ಪತ್ತೈದು. ಸೊಸೆಯ ಕುತ್ತಿಗೆಯ ನರ ಉಬ್ಬಿತ್ತು. ವಿಡಿಯೋದವನು ಲೈಟಿನ ತಿರುಪು ತಿರುಗಿಸುತ್ತಲೇ ಇದ್ದ. ಇಪ್ಪತ್ತೆಂಟು. ಮಂಟಪದಲ್ಲಿ ಮಾತಾಡುತ್ತಿದ್ದವರೆಲ್ಲ ಒಬ್ಬೊಬ್ಬರೇ ಇತ್ತ ತಿರುಗಿದರು. ವಾಲಗದವರು ಕೂಡ ತಲೆಯೆತ್ತಿ ನೋಡಿದರು, ಉಸಿರಿನ ಕಷ್ಟ ಅವರಿಗೆ ಗೊತ್ತು. ಮೇಷ್ಟ್ರು ಎಣಿಸಲು ಬೆರಳು ಸಾಲದೆ ಹೆಗ್ಗನಹಳ್ಳಿಯವನ ಬೆರಳು ಹಿಡಿದುಕೊಂಡಿದ್ದರು. ಮೂವತ್ತು. ಸ್ವರ ಸಣ್ಣದಾಯಿತು, ಕಡಿಯಲಿಲ್ಲ. ಮೂವತ್ತೊಂದಕ್ಕೆ ಓರಗಿತ್ತಿಯ ಕೈ ಸೋತು ತಟ್ಟೆ ಕೆಳಗಿಳಿಯಿತು. ತಟ್ಟೆ ನೆಲ ಮುಟ್ಟಿದ ಮೇಲೆಯೇ ಸೊಸೆ ಸ್ವರ ಬಿಟ್ಟದ್ದು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಆರತಿ ಹಾಡಿಗೆ ಹೊಡೆಯುವ ಪದ್ಧತಿಯಿಲ್ಲ. ಆದರೆ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಹೋಮದ ಹೊಗೆಯ ಲೆಕ್ಕಕ್ಕೆ ಹಾಕಿದೆ. ಕೆಂಗೇರಿಯವರು ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದರು. ಅತ್ತೆ ಅಲ್ಲಿಯೇ ನಿಂತಿದ್ದರು, ತುಂಬಿಕೊಂಡ ಉಸಿರನ್ನು ಆಗ ಬಿಟ್ಟರು. ಬಿಟ್ಟ ರಭಸಕ್ಕೆ ಕೆಮ್ಮು ಹತ್ತಿತು. ಸೊಸೆಯೇ ಓಡಿ ನೀರು ಕುಡಿಸಿ, ಬೆನ್ನು ಸವರಿ, ಕುರ್ಚಿಯಲ್ಲಿ ಕೂರಿಸಿದರು. ನಾವೂ ಹತ್ತಿರ ಹೋದೆವು.

ಅತ್ತೆ ಲೋಟ ಕೆಳಗಿಟ್ಟು, ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದರು.

"ಇಷ್ಟೊಂದು ಉಸಿರು ಇಟ್ಕೊಂಡು, ಮೂವತ್ತು ವರ್ಷ ನನಗೆ ಒಂದ್ ಎದುರು ಮಾತೂ ಆಡ್ಲಿಲ್ಲವಲ್ಲೇ ನೀನು?" ಎಂದರು.

ಕೆಂಗೇರಿಯವರು ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದರು.

"ಅದಕ್ಕೇ ಅತ್ತೆ, ಅಷ್ಟೂ ಹಾಗೇ ಉಳ್ಕೊಂಡಿತ್ತು."